ಚಾರ್ಜ್ ಪಟ್ಟಿಯಲ್ಲಿ ಮಕ್ಕಳಿರಲಿಲ್ಲ: ನಾಲ್ಕು ತಾಲ್ಲೂಕುಗಳ ಹಿರಿಯ ಶಿಕ್ಷಕರಿಗೆ ಒಂದು ಪತ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ಪಾಠ ಮಾಡಿರುವ ಶಿಕ್ಷಕ ಶಿಕ್ಷಕಿಯರೇ,

ನಿಮ್ಮಲ್ಲಿ ಹಲವರ ಹೆಸರು ಈಗ ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲಕ್ಕೆ ಬಂದಿದೆ. ಇನ್ನೊಂದೆರಡು ವರ್ಷಕ್ಕೆ ಬಡ್ತಿ ಬರಬಹುದು. ಅದಕ್ಕೂ ಮೊದಲೇ ನಿಮ್ಮ ಶಾಲೆಯ ಮುಖ್ಯಶಿಕ್ಷಕರು ನಿವೃತ್ತರಾಗಿ, ಹಿರಿಯರು ನೀವೇ ಎಂದು ಪ್ರಭಾರ ನಿಮ್ಮ ತಲೆಗೆ ಬರಬಹುದು. ಆ ದಿನ ಬರುವ ಮೊದಲು, ಶಾಲೆ ನಡೆಸುವ ವಿದ್ಯೆಯನ್ನೂ ಒಂದು ವಿಷಯವಾಗಿ ಕೂತು ಓದಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿ, ಆಮೇಲೆ ಮುಖ್ಯಶಿಕ್ಷಕಿಯಾಗಿ ದುಡಿದು ನಿವೃತ್ತಿಯಾದವಳು. ಓದುವುದಕ್ಕೆ ಮೊದಲು ಒಮ್ಮೆ, ಓದಿದ ಮೇಲೆ ಒಮ್ಮೆ ಆ ಕುರ್ಚಿಯಲ್ಲಿ ಕೂತಿದ್ದೇನೆ. ಎರಡರ ನಡುವಿನ ವ್ಯತ್ಯಾಸ ನನಗೆ ಗೊತ್ತು.

2002ರಲ್ಲಿ ನಮ್ಮ ಹೆಡ್‌ಮಾಸ್ಟರು ನಿವೃತ್ತರಾದರು. ಬೀಳ್ಕೊಡುಗೆ ಮುಗಿದ ಸಂಜೆ, ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು, ಬೀಗದ ಕೈ ಗೊಂಚಲು, ಕ್ಯಾಶ್ ಪುಸ್ತಕ, ದಾಖಲಾತಿ ವಹಿ, ಸೀಲು, ಎರಡು ಗಾಡ್ರೇಜ್ ಬೀರು, ಮುರಿದ ಮೂರು ಬೆಂಚು ಎಂದು ಒಂದೊಂದನ್ನೇ ಓದಿ ಹೇಳಿದರು. ಚಾರ್ಜ್ ಪಟ್ಟಿಗೆ ಇಬ್ಬರೂ ರುಜು ಹಾಕಿದೆವು. ಮುಂದಿನ ಹನ್ನೊಂದು ತಿಂಗಳು ನಾನು ಆ ಪಟ್ಟಿಯಲ್ಲಿದ್ದ ವಸ್ತುಗಳನ್ನು ಕಾದೆ. ಕ್ಯಾಶ್ ಪುಸ್ತಕ ಒಂದು ಪೈಸೆ ತಪ್ಪಲಿಲ್ಲ. ಬೆಂಚು ರಿಪೇರಿ ಮಾಡಿಸಿದೆ. ಬಂದ ಸುತ್ತೋಲೆಗೆಲ್ಲ ಅದೇ ದಿನ ಉತ್ತರ ಹೋಗುತ್ತಿತ್ತು. ಹೊಸ ಹೆಡ್‌ಮಾಸ್ಟರು ಬಂದು ಚಾರ್ಜ್ ತೆಗೆದುಕೊಂಡಾಗ ಮನಸಾರೆ ಹೊಗಳಿದರು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು: ನಾನು ರುಜು ಹಾಕಿದ ಆ ಪಟ್ಟಿಯಲ್ಲಿ ನಮ್ಮ ಇನ್ನೂರು ಚಿಲ್ಲರೆ ಮಕ್ಕಳು ಎಲ್ಲೂ ಇರಲಿಲ್ಲ. ಆ ಹನ್ನೊಂದು ತಿಂಗಳಲ್ಲಿ ಬೇರೊಬ್ಬ ಮೇಷ್ಟ್ರ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಒಂದು ಪೂರ್ತಿ ಪೀರಿಯಡ್ ಕೂತು ನೋಡಿರಲಿಲ್ಲ. ಅದು ನನ್ನ ಕೆಲಸ ಎಂದು ಯಾರೂ ಹೇಳಿರಲಿಲ್ಲ. ಕೂತಿದ್ದರೂ ಏನನ್ನು ನೋಡಬೇಕು, ನೋಡಿದ್ದನ್ನು ಆ ಮೇಷ್ಟ್ರ ಮನಸ್ಸು ನೋಯದ ಹಾಗೆ ಹೇಗೆ ಹೇಳಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ಎರಡು ವರ್ಷ ಕಳೆದು, 41ನೇ ವಯಸ್ಸಿನಲ್ಲಿ, ಮೈಸೂರಿನಲ್ಲಿ ಎಂ.ಎಡ್.ಗೆ ಸೇರಿದೆ. ವಿಶೇಷ ವಿಷಯವಾಗಿ ಶೈಕ್ಷಣಿಕ ಆಡಳಿತ ಆರಿಸಿಕೊಂಡೆ. ಆಗ ಎಂ.ಎಡ್. ಒಂದೇ ವರ್ಷ. 2015ರಲ್ಲಿ ಅದು ಎರಡು ವರ್ಷದ ಕೋರ್ಸಾಯಿತು. ವ್ಯಾಸಂಗ ರಜೆಗೆ ಹಾಕಿದ ಅರ್ಜಿ ಒಂದು ಕಚೇರಿಯಲ್ಲಿ ನಾಲ್ಕು ತಿಂಗಳು ಕೂತಿತು. ಊರಿನಲ್ಲಿ, "ಇಷ್ಟ್ ವಯಸ್ಸಾದ್ಮೇಲೆ ಓದಿ ಏನ್ ಡಿಸಿ ಆಗ್ಬೇಕಾ ಮಿಸ್ಸು?" ಎಂದು ಕೇಳಿದವರಿದ್ದರು. ಅವರು ಪ್ರೀತಿಯಿಂದಲೇ ಕೇಳಿದ್ದು. ಆದರೂ ಆ ಮಾತು ಬಹಳ ದಿನ ಕಿವಿಯಲ್ಲೇ ಇತ್ತು. ನಿಮಗೂ ಯಾರಾದರೂ ಹೀಗೆ ಕೇಳುತ್ತಾರೆ. ಕೇಳಲಿ.

ಆ ಓದಿನಲ್ಲಿ ನನಗೆ ಸಿಕ್ಕಿದ್ದು ಏನು ಎಂಬುದನ್ನು ಒಂದೇ ಪ್ರಸಂಗದಲ್ಲಿ ಹೇಳುತ್ತೇನೆ. ಪ್ರಬಂಧಕ್ಕೆ ವಿಷಯ ಆರಿಸುವಾಗ, ನಮ್ಮ ಶಾಲೆಯ ಗೈರುಹಾಜರಿಯ ಬಗ್ಗೆ ಬರೆಯುತ್ತೇನೆ ಎಂದೆ. ಕಾರಣವೂ ಗೊತ್ತಿದೆ, ಕಬ್ಬು ಕಟಾವು ಶುರುವಾದರೆ ಮಕ್ಕಳು ಬರುವುದಿಲ್ಲ ಎಂದೆ. ನಮ್ಮ ಸ್ಟಾಫ್ ರೂಮಿನಲ್ಲಿ ಹದಿನಾರು ವರ್ಷದಿಂದ ನಾವೆಲ್ಲ ಹೇಳಿಕೊಂಡು ಬಂದ ಮಾತು ಅದು. ನನ್ನ ಮಾರ್ಗದರ್ಶಕರು ತಲೆಯೆತ್ತಿ, "ಲೆಕ್ಕ ಇದೆಯಾ ಅಮ್ಮ?" ಎಂದರು. ಇರಲಿಲ್ಲ. "ಹಾಗಾದರೆ ಲೆಕ್ಕ ಮಾಡಿಕೊಂಡು ಬನ್ನಿ."

ಮೂರು ವರ್ಷದ ಹಾಜರಿ ಪುಸ್ತಕಗಳನ್ನು ಶಾಲೆಯಿಂದ ಕೇಳಿ ತಂದೆ. ಅಡುಗೆಮನೆಯ ನೆಲದ ಮೇಲೆ ಗ್ರಾಫ್ ಹಾಳೆ ಹಾಸಿ, ಅಡ್ಡಕ್ಕೆ ಶಾಲೆ ನಡೆದ ದಿನಗಳು, ಉದ್ದಕ್ಕೆ ಮಕ್ಕಳ ಹೆಸರು ಬರೆದು, ಗೈರಾದ ಒಂದೊಂದು ದಿನಕ್ಕೂ ಒಂದೊಂದು ಕೆಂಪು ಚುಕ್ಕೆ ಇಡುತ್ತಾ ಹೋದೆ. ಹಾಳೆಗೆ ಹಾಳೆ ಅಂಟಿಸಿ ಹಾಸಿದಾಗ ಬಾಗಿಲವರೆಗೂ ಬಂತು. ಕಟಾವಿನ ತಿಂಗಳುಗಳಲ್ಲಿ ಚುಕ್ಕೆಗಳು ದಟ್ಟವಾಗಿರುತ್ತವೆ ಎಂದುಕೊಂಡಿದ್ದೆ. ಅಲ್ಲಿ ಸ್ವಲ್ಪ ಹೆಚ್ಚಿದ್ದವು, ನಿಜ. ಆದರೆ ಕಣ್ಣಿಗೆ ಹೊಡೆದದ್ದು ಬೇರೆ. ಎಂಟನೇ, ಒಂಬತ್ತನೇ ತರಗತಿಯ ಒಂಬತ್ತು ಹೆಣ್ಣುಮಕ್ಕಳ ಸಾಲಿನಲ್ಲಿ ಐದು ದಿನಕ್ಕೊಮ್ಮೆ, ಆರು ದಿನಕ್ಕೊಮ್ಮೆ ಒಂದು ಚುಕ್ಕೆ. ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ನೋಡಿದರೆ ಎಲ್ಲವೂ ಗುರುವಾರ. ಗುರುವಾರ ಪಕ್ಕದ ಊರಿನ ಸಂತೆ.

ಆ ಮಕ್ಕಳ ಮನೆಗೆ ಹೋದೆ. ತಾಯಂದಿರು ಬೆಳಗಿನ ಜಾವಕ್ಕೇ ಸೊಪ್ಪು, ಬದನೆಕಾಯಿ ಹೊತ್ತುಕೊಂಡು ಸಂತೆಗೆ ಹೋಗುತ್ತಾರೆ. ಮನೆಯಲ್ಲಿ ತೊಟ್ಟಿಲ ಮಗುವನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಉಳಿಯಬೇಕು. ಒಂಬತ್ತೂ ಮನೆಯಲ್ಲಿ ಹೆಚ್ಚುಕಡಿಮೆ ಇದೇ ಕತೆ. ಈ ಮಕ್ಕಳಿಗೆ ಗಣಿತದಲ್ಲಿ ಯಾಕೆ ಅಷ್ಟು ಕಡಿಮೆ ಅಂಕ ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದೆವು. ಟೈಂಟೇಬಲ್ ತೆಗೆದು ನೋಡಿದೆ. ಗುರುವಾರ ಮೊದಲ ಎರಡು ಪೀರಿಯಡ್ ಗಣಿತ. ಆ ವೇಳಾಪಟ್ಟಿ ಹಾಕಿದವಳು ಪ್ರಭಾರದಲ್ಲಿದ್ದ ನಾನೇ. ಆಮೇಲೆ ಬಂದವರು ಅದನ್ನೇ ಮುಂದುವರಿಸಿದ್ದರು.

ಹದಿನಾರು ವರ್ಷ ಅಪ್ಪ ಅಮ್ಮಂದಿರ ಮೇಲೆ, ಕಬ್ಬಿನ ಮೇಲೆ ತಪ್ಪು ಹೊರಿಸಿದ್ದೆವು. ಉತ್ತರ ನಮ್ಮ ಬೀರುವಿನಲ್ಲೇ ಇತ್ತು. ಓದಿಗೆ ಹೋಗದಿದ್ದರೆ, "ಲೆಕ್ಕ ಇದೆಯಾ" ಎಂದು ಕೇಳುವವರು ನನಗೆ ಸಿಗುತ್ತಿರಲಿಲ್ಲ. ಅನುಭವ ನಮಗೆ ಬಹಳ ಕೊಡುತ್ತದೆ, ಅದನ್ನು ಕಡೆಗಣಿಸುವವಳು ನಾನಲ್ಲ. ಆದರೆ ಒಂದೇ ಮಾತನ್ನು ಹದಿನಾರು ವರ್ಷ ಹೇಳಿದರೆ ಅದೇ ನಮಗೆ ಅನುಭವದ ಹಾಗೆ ಕಾಣಲು ಶುರುವಾಗುತ್ತದೆ.

ವಾಪಸು ಬಂದ ಮೇಲೆ ಹೆಡ್‌ಮಾಸ್ಟರ ಜೊತೆ ಕೂತು ವೇಳಾಪಟ್ಟಿ ಬದಲಿಸಿದೆವು. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟೆವು. ಅಂಗನವಾಡಿಯ ಅಮ್ಮ ಗುರುವಾರ ಮಾತ್ರ ಬೇಗ ಬಾಗಿಲು ತೆಗೆಯಲು, ಚಿಕ್ಕ ಮಕ್ಕಳನ್ನೂ ಕೂರಿಸಿಕೊಳ್ಳಲು ಒಪ್ಪಿದರು. ಅದು ಅವರ ದೊಡ್ಡ ಮನಸ್ಸು. ಒಂಬತ್ತರಲ್ಲಿ ಐದು ಹುಡುಗಿಯರು ಗುರುವಾರವೂ ಬರತೊಡಗಿದರು. ಇಬ್ಬರು ಮಧ್ಯಾಹ್ನದ ಮೇಲೆ ಬರುತ್ತಿದ್ದರು. ಒಬ್ಬಳು ಬರಲಿಲ್ಲ. ಇನ್ನೊಬ್ಬಳಿಗೆ ಎಸ್ಸೆಸ್ಸೆಲ್ಸಿಗೆ ಮೊದಲೇ ಮದುವೆ ಮಾಡಿಬಿಟ್ಟರು. ಅವಳ ಸಾಲಿನ ಚುಕ್ಕೆಗಳನ್ನು ನಾನು ಎರಡು ವರ್ಷ ಮೊದಲೇ ನೋಡಬಹುದಿತ್ತು.

ಇನ್ನು ನಿಮ್ಮ ಇಂದಿನ ಪರಿಸ್ಥಿತಿಗೆ ಬರುತ್ತೇನೆ. ನನ್ನ ಕಾಲಕ್ಕಿಂತ ನಿಮ್ಮ ಮೇಲೆ ಹೊರೆ ಹೆಚ್ಚು. ಸ್ಯಾಟ್ಸ್ ಎಂಟ್ರಿ, ಯು-ಡೈಸ್, ಕ್ಷೀರಭಾಗ್ಯದ ಹಾಲಿನ ಪುಡಿ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಅತಿಥಿ ಶಿಕ್ಷಕರ ಸಂಬಳದ ಬಿಲ್ಲು. ಹಲವು ಪ್ರೌಢಶಾಲೆಗಳಲ್ಲಿ ಗುಮಾಸ್ತರೇ ಇಲ್ಲದೆ ಹೆಡ್‌ಮಾಸ್ಟರೇ ಗುಮಾಸ್ತರು. ಇದರ ಮೇಲೆ ಫಲಿತಾಂಶದ ಭಾರ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಇಷ್ಟು ವರ್ಷ ಮಕ್ಕಳು ಕಲಿತಿದ್ದಾರೆ ಎಂದು ನಾವು ನಂಬಿಕೊಂಡಿದ್ದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಆ ವರ್ಷ ಗೊತ್ತಾಯಿತು. ಫಲಿತಾಂಶ ಇಳಿದಾಗಲೆಲ್ಲ ಮುಖ್ಯಶಿಕ್ಷಕರಿಗೆ ನೋಟಿಸು ಬರುತ್ತದೆ, ಬೆಳಿಗ್ಗೆ ಸಂಜೆ ವಿಶೇಷ ತರಗತಿ ನಡೆಸಿ ಎಂಬ ಸೂಚನೆ ಬರುತ್ತದೆ. ಯಾವ ಮಗು ಎಲ್ಲಿ ನಿಂತಿದೆ, ಯಾವ ಶಿಕ್ಷಕರಿಗೆ ಯಾವ ನೆರವು ಬೇಕು ಎಂದು ಹುಡುಕುವ ಬಗೆಯನ್ನು ನೋಟಿಸು ಕಲಿಸುವುದಿಲ್ಲ.

ತರಬೇತಿಗಳು ಇವೆಯಲ್ಲ ಎನ್ನುತ್ತೀರಿ. ಗುರುಚೇತನ ನೋಡಿದ್ದೀರಿ, 2019ರಿಂದ ನಿಷ್ಠಾ ನೋಡಿದ್ದೀರಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೂ ಮುಖ್ಯಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಬೇಕೆಂದಿತು. ಎರಡು ದಿನದ ತರಬೇತಿಯಿಂದ ನನಗೂ ಉಪಯೋಗವಾಗಿದೆ, ಬೇಡ ಎನ್ನುವುದಿಲ್ಲ. ಆದರೆ ಮಧ್ಯಪ್ರದೇಶದ ಒಂದು ಸಂಗತಿ ನಿಮಗೆ ತಿಳಿದಿರಲಿ. ಅಲ್ಲಿ ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಶಾಲಾ ಮೌಲ್ಯಮಾಪನ ಮಾಡಿಸಿ, ಸುಧಾರಣಾ ಯೋಜನೆ ಬರೆಸಿ, ಫಲ ಏನಾಯಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಅಳೆದು ನೋಡಿದರು. ಮೌಲ್ಯಮಾಪನ ಚೆನ್ನಾಗಿಯೇ ನಡೆದಿತ್ತು, ಯೋಜನೆಗಳೂ ತಯಾರಾಗಿದ್ದವು. ಮಕ್ಕಳ ಕಲಿಕೆಯಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಶಾಲಾ ಸಿದ್ಧಿಯ ಮೌಲ್ಯಮಾಪನ ನಮೂನೆ ತುಂಬಿ ಕಳಿಸಿರುವ ನಿಮಗೆ ಇದು ಯಾಕೆ ಹೀಗಾಯಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರಿಗೆ ಕಳಿಸಲೆಂದು ಬರೆದ ಕಾಗದ ಮೇಲಕ್ಕೇ ಹೋಗುತ್ತದೆ, ತರಗತಿಗೆ ಬರುವುದಿಲ್ಲ.

ಹಾಗೆಂದು ಹೊರಗಿನಿಂದ ಬಂದ ಸಿದ್ಧಾಂತವನ್ನೆಲ್ಲ ಕಣ್ಣಿಗೊತ್ತಿಕೊಳ್ಳಿ ಎಂದೂ ಹೇಳುತ್ತಿಲ್ಲ. ಕೆನೆತ್ ಲೀಥ್‌ವುಡ್ ಮತ್ತು ಅವರ ಸಂಗಡಿಗರು 2004ರಲ್ಲಿ ಶಾಲಾ ನಾಯಕತ್ವದ ಬಗ್ಗೆ ಬರೆದ ವರದಿಯನ್ನು ಈ ವಿಷಯ ಓದುವವರಲ್ಲಿ ಹಲವರು ಓದುತ್ತಾರೆ. ಶಾಲೆಯೊಳಗಿನ ಸಂಗತಿಗಳಲ್ಲಿ ತರಗತಿಯ ಪಾಠವನ್ನು ಬಿಟ್ಟರೆ ಮಕ್ಕಳ ಕಲಿಕೆಯನ್ನು ಹೆಚ್ಚು ಮುಟ್ಟುವುದು ಶಾಲೆಯ ನಾಯಕತ್ವವೇ ಎಂಬುದು ಅದರ ತಿರುಳು. ಅದನ್ನು ಓದಿ ನಾನು ಹಿಗ್ಗಿದೆ, ಆಮೇಲೆ ಅಳುಕಿದೆ. ಆ ಬರಹ ಹುಟ್ಟಿದ್ದು ಬೇರೆ ದೇಶದ ಶಾಲೆಗಳನ್ನು ನೋಡಿ. ನಮ್ಮ ಹೆಡ್‌ಮಾಸ್ಟರು ತಮಗೆ ಬೇಕಾದ ಶಿಕ್ಷಕರನ್ನು ಆರಿಸಿಕೊಳ್ಳುವಂತಿಲ್ಲ. ಕೌನ್ಸೆಲಿಂಗ್‌ನಲ್ಲಿ ಯಾರು ಬರುತ್ತಾರೋ ಅವರೇ. ಅನುದಾನ ಯಾವ ತಿಂಗಳು ಬರುತ್ತದೆ ಎಂಬುದೂ ಅವರ ಕೈಯಲ್ಲಿಲ್ಲ. ಹಾಗಾದರೆ ನಮ್ಮ ಕೈಯಲ್ಲಿ ನಿಜವಾಗಿ ಇರುವುದೇನು? ವೇಳಾಪಟ್ಟಿ ಇದೆ. ಯಾವ ತರಗತಿಗೆ ಯಾರು ಎಂಬ ಹಂಚಿಕೆ ಇದೆ. ಸಿಬ್ಬಂದಿ ಸಭೆಯಲ್ಲಿ ಏನನ್ನು ಮಾತಾಡುತ್ತೇವೆ ಎಂಬುದಿದೆ. ಊರಿನವರ ಜೊತೆಗಿನ ಸಂಬಂಧ ಇದೆ. ಈ ನಾಲ್ಕರಿಂದ ಒಂದು ಹಳ್ಳಿ ಶಾಲೆಯನ್ನು ಎಷ್ಟು ದೂರ ಕೊಂಡೊಯ್ಯಬಹುದು ಎಂಬ ಪ್ರಶ್ನೆಗೆ ಲೀಥ್‌ವುಡ್ ಬಳಿ ಉತ್ತರವಿಲ್ಲ. ಅದನ್ನು ಬರೆಯಬೇಕಾದವರು ಕಿಕ್ಕೇರಿ, ಚಿನಕುರಳಿ, ಅರಕೆರೆ, ಬೆಳ್ಳೂರಿನಲ್ಲಿ ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದವರು.

ನಮ್ಮವರು ಹಾಗೆ ಮಾಡಿ ತೋರಿಸಿದ್ದಾರೆ ಕೂಡ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು 1990ರ ದಶಕದ ನಡುವಿನಲ್ಲಿ ಆಂಧ್ರದ ಋಷಿವ್ಯಾಲಿಗೆ ಹೋದರು. ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ನೋಡಿದರು. ಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ಕನ್ನಡದಲ್ಲಿ ತಾವೇ ಬರೆದರು. ಯುನಿಸೆಫ್ ನೆರವಾಯಿತು. ಅದೇ ನಲಿಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹೋಯಿತು. ಕೋಟೆಯ ಆ ಮೇಷ್ಟ್ರುಗಳು ಹೋಗಿ, ನೋಡಿ, ಓದಿ, ತಮ್ಮ ತಾಲ್ಲೂಕಿಗೆ ಒಗ್ಗಿಸಿಕೊಂಡವರು. ನಮಗೆ ಅವರು ದೂರದವರಲ್ಲ.

ಓದಲು ಎಲ್ಲಿಗೆ ಹೋಗಬೇಕು? ಈ ವಿಷಯದಲ್ಲಿ ನಾವು ಪುಣ್ಯವಂತರು. ಮೈಸೂರು ನಮ್ಮ ಮಗ್ಗುಲಲ್ಲಿದೆ. 1916ರ ಮೈಸೂರು ವಿಶ್ವವಿದ್ಯಾನಿಲಯವಿದೆ, ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ಶ್ರೀರಂಗಪಟ್ಟಣದವರಿಗೆ ಅದು ಊರೊಳಗಿದ್ದಂತೆ, ಪಾಂಡವಪುರದವರಿಗೆ ರೈಲಿದೆ, ಅಕ್ಕಿಹೆಬ್ಬಾಳು ಕಡೆಯವರಿಗೂ ಮೈಸೂರಿನ ರೈಲು ಸಿಗುತ್ತದೆ. ನಾಗಮಂಗಲದವರಿಗೇ ಕಷ್ಟ. ದಿನಾ ಹೋಗಿ ಬರುವ ದೂರವಲ್ಲ. ಶಾಲೆ ಬಿಟ್ಟು ಹೋಗಲಾಗದವರಿಗೆ ಇಗ್ನೋದಲ್ಲಿ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ ಇದೆ, ಶಿಕ್ಷಣದಲ್ಲಿ ಎಂ.ಎ. ಇದೆ. ದೆಹಲಿಯ ನೀಪಾದಲ್ಲಿ 2012ರಿಂದ ಶಾಲಾ ನಾಯಕತ್ವಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರವಿದೆ, ಅದು ಆನ್‌ಲೈನ್ ಕೋರ್ಸುಗಳನ್ನೂ ನಡೆಸುತ್ತದೆ. ಯಾವುದಕ್ಕೆ ಸೇರಿದರೂ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ನೀವೇ ನೋಡಿ, ಇಲಾಖೆಯ ಪೂರ್ವಾನುಮತಿಯನ್ನು ಬರಹದಲ್ಲಿ ಪಡೆದುಕೊಂಡೇ ಫೀಸು ಕಟ್ಟಿ. ಅನುಮತಿಯಿಲ್ಲದೆ ಓದಿದ ಪದವಿ ಸೇವಾ ವಹಿಯಲ್ಲಿ ಸೇರದೆ ಒದ್ದಾಡಿದವರನ್ನು ಕಂಡಿದ್ದೇನೆ.

ಇನ್ನೊಂದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಪದವಿ ನಿಮ್ಮನ್ನು ಬಡ್ತಿಯ ಪಟ್ಟಿಯಲ್ಲಿ ಮೇಲೇರಿಸುತ್ತದೆ ಎಂದುಕೊಳ್ಳಬೇಡಿ. ಆ ಪಟ್ಟಿ ನಡೆಯುವುದು ಜ್ಯೇಷ್ಠತೆಯ ಮೇಲೆ. ಹೆಸರಿನ ಮುಂದೆ ಎರಡಕ್ಷರ ಸೇರಿಸುವುದಕ್ಕಾಗಿಯೇ ಓದುವುದಾದರೆ, ಪ್ರಬಂಧ ಬರೆದುಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ದಯವಿಟ್ಟು ಅವರ ಬಳಿಗೆ ಹೋಗಬೇಡಿ. ಇಡೀ ಓದಿನಲ್ಲಿ ನಿಮ್ಮ ಶಾಲೆಗೆ ವಾಪಸು ಬರುವುದು ಆ ಪ್ರಬಂಧವೊಂದೇ. ಅದಕ್ಕೆ ವಿಷಯ ನಿಮ್ಮ ಶಾಲೆಯಿಂದಲೇ ಎದ್ದು ಬರಲಿ. ಏಳನೇ ತರಗತಿ ಮುಗಿಸಿದ ಮಕ್ಕಳು ಪಕ್ಕದ ಪ್ರೌಢಶಾಲೆಗೆ ಯಾಕೆ ಬರಲಿಲ್ಲ? ಗಣಿತದ ಮೇಡಂ ವರ್ಗವಾಗಿ ಹೋದ ಮೇಲೆ ಎಷ್ಟು ದಿನ ಆ ಪೀರಿಯಡ್ ಖಾಲಿ ಇತ್ತು, ಅಷ್ಟು ದಿನ ಮಕ್ಕಳು ಏನು ಮಾಡಿದರು? ಅತಿಥಿ ಶಿಕ್ಷಕರು ಜೂನ್‌ನಲ್ಲಿ ಬಂದ ವರ್ಷಕ್ಕೂ ಆಗಸ್ಟ್‌ನಲ್ಲಿ ಬಂದ ವರ್ಷಕ್ಕೂ ಏನು ವ್ಯತ್ಯಾಸ? ಇವೆಲ್ಲ ನಿಮ್ಮ ರಿಜಿಸ್ಟರುಗಳಲ್ಲಿ ಇರುವ ಪ್ರಶ್ನೆಗಳು.

ಇಂಗ್ಲಿಷ್ ಬಗ್ಗೆ ಹೆದರಿಕೆ ಇದೆ ಎಂದು ಬಹಳ ಜನ ನನ್ನ ಹತ್ತಿರ ಹೇಳಿದ್ದಾರೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ತಿಂಗಳು ಒಂದು ಪುಟಕ್ಕೆ ಒಂದು ಗಂಟೆ ಬೇಕಾಗುತ್ತಿತ್ತು. ನೂರು ಪುಟದ ನೋಟ್ ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಮ್ಮ ಮಾತು ಬರೆದುಕೊಂಡೆ. ಅಕೌಂಟಬಿಲಿಟಿ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರದಾಯಿತ್ವ ಎಂದಿತ್ತು. ನಾನು 'ಲೆಕ್ಕ ಒಪ್ಪಿಸೋದು' ಎಂದು ಬರೆದೆ. ಯಾರಿಗೆ ಒಪ್ಪಿಸಬೇಕು ಎಂಬ ಪ್ರಶ್ನೆ ಆಗಲೇ ಹುಟ್ಟಿದ್ದು, ಕಚೇರಿಗೋ, ಮಗುವಿನ ತಾಯಿಗೋ ಎಂದು. ಪದ ಕನ್ನಡಕ್ಕೆ ಇಳಿದರೆ ಪ್ರಶ್ನೆಯೂ ನಮ್ಮ ಊರಿಗೆ ಇಳಿಯುತ್ತದೆ. ಆ ನೋಟ್ ಬುಕ್ ತುಂಬುವ ಹೊತ್ತಿಗೆ ಒಂದು ಪುಟ ಹತ್ತು ನಿಮಿಷಕ್ಕೆ ಬಂದಿತ್ತು.

ಶಿಕ್ಷಕಿಯರಿಗೆ ಬೇರೆಯಾಗಿ ಒಂದು ಮಾತು. ನಮ್ಮ ಮೇಲಿನ ಹೊರೆ ಎರಡು ಪಟ್ಟು ಎಂಬುದನ್ನು ನಾನು ಬಲ್ಲೆ. ಎಂ.ಎಡ್. ಓದುವಾಗ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡಬೇಕೆಂದರೆ ನಾಲ್ಕೂವರೆಗೆ ಒಲೆ ಹಚ್ಚಬೇಕಿತ್ತು. ಅತ್ತೆಯವರು ಮೊದಲು ಮುನಿಸಿಕೊಂಡರು, ಆಮೇಲೆ ಅವರೇ ಸಂಜೆಯ ಮುದ್ದೆ ತಿರುವುವ ಕೆಲಸ ವಹಿಸಿಕೊಂಡರು. ಎಲ್ಲರ ಮನೆಯಲ್ಲೂ ಹೀಗಾಗುವುದಿಲ್ಲ. ಎಷ್ಟೋ ಗೆಳತಿಯರು ಪ್ರಭಾರವನ್ನೇ ಬೇಡವೆಂದು ಬರೆದುಕೊಟ್ಟರು, ಬಡ್ತಿ ಬಂದರೆ ದೂರದ ಊರು ಎಂದು ಹಿಂದೆ ಸರಿದರು. ತರಗತಿಯಲ್ಲಿ ನಮಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದವರು ಅವರು. ನೀವು ಈಗಲೇ, ಸಮಯ ಇರುವಾಗಲೇ ಮನೆಯಲ್ಲಿ ಈ ಮಾತು ಎತ್ತಿ. ಗಂಡಸರು ಈ ಪತ್ರ ಓದುತ್ತಿದ್ದರೆ, ನಿಮ್ಮ ಶಾಲೆಯಲ್ಲಿರುವ ಹಿರಿಯ ಶಿಕ್ಷಕಿಗೆ ಇದನ್ನು ಕೊಡಿ.

ಒಬ್ಬೊಬ್ಬರೇ ಓದುವುದು ಕಷ್ಟ. ತಿಂಗಳಿಗೊಮ್ಮೆ ಸಿಆರ್‌ಸಿ ಸಮಾಲೋಚನಾ ಸಭೆಗೆ ಹೇಗೂ ಸೇರುತ್ತೀರಿ. ಸುತ್ತೋಲೆ ಓದಿ ಮುಗಿದ ಮೇಲೆ ಅರ್ಧ ಗಂಟೆ ಉಳಿಸಿಕೊಂಡು, ಯಾರಾದರೊಬ್ಬರು ತಮ್ಮ ಶಾಲೆಯ ಒಂದು ಲೆಕ್ಕವನ್ನು ಎಲ್ಲರ ಮುಂದೆ ಇಡಿ. ಹಾಜರಿ ಆಗಬಹುದು, ಓದಲು ಬಾರದ ಆರನೇ ತರಗತಿಯ ಮಕ್ಕಳ ಸಂಖ್ಯೆ ಆಗಬಹುದು. ತಪ್ಪು ಹುಡುಕುವುದಕ್ಕೆ ಬೇಡ, ಕೂತು ನೋಡುವುದಕ್ಕೆ. ಅಧಿಕಾರಿಗಳು ಈ ಪತ್ರ ನೋಡಿದರೆ ಅವರಲ್ಲಿ ನನ್ನ ಬೇಡಿಕೆ ಒಂದೇ: ಓದಲು ಅನುಮತಿ ಕೇಳಿ ಬಂದ ಶಿಕ್ಷಕರ ಕಡತವನ್ನು ಪ್ರವೇಶದ ಕೊನೆಯ ದಿನಾಂಕ ಮುಗಿಯುವ ಮೊದಲು ಕಳಿಸಿಕೊಡಿ.

ಆ ಗ್ರಾಫ್ ಹಾಳೆಗಳು ಇನ್ನೂ ನನ್ನ ಹತ್ತಿರ ಇವೆ. ಮಡಿಕೆಯಲ್ಲಿ ಹರಿದಿವೆ, ಕೆಂಪು ಚುಕ್ಕೆಗಳು ಕಂದಾಗಿವೆ. ಭಾನುವಾರಗಳಲ್ಲಿ ಮನೆಯಲ್ಲೇ ಇರುತ್ತೇನೆ. ನನ್ನನ್ನು ಬಲ್ಲವರು ಬನ್ನಿ, ಬಲ್ಲವರ ಜೊತೆ ಅರಿಯದವರೂ ಬನ್ನಿ, ನನ್ನ ಹಳೆಯ ಪುಸ್ತಕಗಳನ್ನೂ ಆ ನೋಟ್ ಬುಕ್ಕನ್ನೂ ತೆಗೆದುಕೊಂಡು ಹೋಗಿ. ಬರುವಾಗ ನಿಮ್ಮ ತರಗತಿಯ ಕಳೆದ ತಿಂಗಳ ಹಾಜರಿಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಚುಕ್ಕೆ ಇಡಲು ಕೆಂಪು ಪೆನ್ಸಿಲ್ ನಾನು ಇಟ್ಟಿರುತ್ತೇನೆ.

ಇಂತಿ ನಿಮ್ಮ ಅಕ್ಕ,
ಪಾಂಡವಪುರ ತಾಲ್ಲೂಕಿನ ಒಬ್ಬ ನಿವೃತ್ತ ಮುಖ್ಯಶಿಕ್ಷಕಿ